ಕಂಪನಿ ಮಾಡಿಸಲು ಹೊರಟವರೇ, ಡಿಎಸ್‌ಸಿ ಟೋಕನ್ ಏಜೆಂಟನ ಕೈಲಿ ಬಿಡಬೇಡಿ

ಸಣ್ಣ ವ್ಯಾಪಾರಕ್ಕೆ ಪ್ರೈವೇಟ್ ಲಿಮಿಟೆಡ್ ಮಾಡಿಸಲು ಯಾರಿಗಾದರೂ ದುಡ್ಡು ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ಡಿಎಸ್‌ಸಿ ಅಂದರೆ ನಿಮ್ಮ ಡಿಜಿಟಲ್ ಸಹಿ, ಟೋಕನ್ ಅಂದರೆ ಅದನ್ನು ಇಟ್ಟಿರುವ ಪೆನ್‌ಡ್ರೈವ್‌ನಂಥ ಸಾಧನ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಬಹುದು. ಆದರೆ ಫಾರ್ಮುಗಳ ಹೆಸರು, ಗಡುವು, ಶುಲ್ಕ ಎಲ್ಲವನ್ನೂ ಸರಿಯಾಗಿ ನೋಡಿಕೊಂಡೇ ಹಾಕಿದ್ದೇನೆ.

ನಮ್ಮದು ತಿಪಟೂರು ಕಡೆಯ ಕೊಬ್ಬರಿ ಎಣ್ಣೆ ಗಾಣ. ನಾನು ಮತ್ತು ನಮ್ಮ ಅತ್ತಿಗೆ, ಇಬ್ಬರೇ ಡೈರೆಕ್ಟರುಗಳು, ಇಬ್ಬರೇ ಷೇರುದಾರರು, ಒಂದು ಲಕ್ಷ ಬಂಡವಾಳ. ಇದಕ್ಕಿಂತ ಸರಳವಾದ ಕಂಪನಿ ಇರಲಾರದು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ 'ಎಲ್ಲಾ ಸೇರಿ ಒಂದೇ ಪ್ಯಾಕೇಜ್' ಅಂತ ಹಿಡಿದ. ಕಂಪನಿ ಏನೋ ಆಯಿತು. ಸರ್ಟಿಫಿಕೇಟ್ ಬಂತು, ಪ್ಯಾನ್ ಬಂತು, ಟ್ಯಾನ್ (ಟಿಡಿಎಸ್ ಕಟ್ಟುವ ಸಂಖ್ಯೆ) ಬಂತು. ಆದರೆ ಆ ಮನುಷ್ಯ ಮಾಡಿಟ್ಟಿದ್ದು ಎಣ್ಣೆ ಕಂಪನಿಯಲ್ಲ, ಸಾಫ್ಟ್‌ವೇರ್ ಕಂಪನಿ!

ಗೊತ್ತಾಗಿದ್ದು ಬ್ಯಾಂಕಿನಲ್ಲಿ. ಖಾತೆಯ ಕೆವೈಸಿಗೆ ಅಂತ ಕೊಟ್ಟ ಮೆಮೊರಾಂಡಮ್ (ಕಂಪನಿಯ ಉದ್ದೇಶ ಬರೆದಿರುವ ಮೂಲ ದಾಖಲೆ) ತಿರುವಿ ಹಾಕುತ್ತಿದ್ದ ಅಧಿಕಾರಿ ಮೂರನೇ ಕಲಮಿನ ಮೇಲೆ ಬೆರಳಿಟ್ಟು, "ಎಣ್ಣೆ ಅಂದ್ರಲ್ಲ ಸರ್, ಇಲ್ಲಿ ಸಾಫ್ಟ್‌ವೇರ್ ಡೆವಲಪ್‌ಮೆಂಟ್, ವೆಬ್‌ಸೈಟ್ ಡಿಸೈನ್ ಅಂತಿದೆ?" ಅಂದರು. ಪಕ್ಕದ ಕುರ್ಚಿಯಲ್ಲಿ ಅತ್ತಿಗೆ, ಅವರ ಕೈಚೀಲದಲ್ಲಿ ಎಣ್ಣೆಯ ಸ್ಯಾಂಪಲ್ ಬಾಟಲಿಗಳು. ಅಧಿಕಾರಿ ಅಷ್ಟಕ್ಕೇ ಬಿಡಲಿಲ್ಲ. ಸರ್ಟಿಫಿಕೇಟಿನ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ತೋರಿಸಿ, "ನೋಡಿ, ಇದರಲ್ಲಿ ಉದ್ಯಮ ಕೋಡೂ 62ರಿಂದ ಶುರುವಾಗಿದೆ" ಅಂದರು. ಆ ಹೊತ್ತಿನ ಅವಮಾನ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ. ಹಿಂದೆ ನಿಂತವರೆಲ್ಲ ನಮ್ಮನ್ನು ಬೇನಾಮಿ ಕಂಪನಿಯವರು ಅನ್ನೋ ಹಾಗೆ ನೋಡುತ್ತಿದ್ದರು.

ಸಿಐಎನ್ ಓದುವುದು ಕಷ್ಟವಲ್ಲ, ಎಲ್ಲರೂ ಕಲಿತುಕೊಳ್ಳಿ. ಒಟ್ಟು 21 ಅಕ್ಷರ-ಅಂಕಿ. ಮೊದಲು ಯು, ಅಂದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ. ಆಮೇಲೆ ಐದು ಅಂಕಿಯ ಉದ್ಯಮ ಕೋಡ್. ಆಮೇಲೆ ಕೆಎ, ಅಂದರೆ ಕರ್ನಾಟಕ. ಆಮೇಲೆ ನೋಂದಣಿಯ ವರ್ಷ, ಪಿಟಿಸಿ, ಕೊನೆಗೆ ಆರು ಅಂಕಿಯ ನೋಂದಣಿ ಸಂಖ್ಯೆ. ಆಹಾರ ತಯಾರಿಕೆಯವರ ಉದ್ಯಮ ಕೋಡ್ 10ರಿಂದ ಶುರುವಾಗಬೇಕು. 62 ಅಂದರೆ ಕಂಪ್ಯೂಟರ್ ಪ್ರೋಗ್ರಾಮಿಂಗ್. ಯಾರದೋ ಐಟಿ ಕಂಪನಿಯ ಹಳೇ ಡ್ರಾಫ್ಟ್ ತೆಗೆದು, ಹೆಸರು ಮಾತ್ರ ಬದಲಿಸಿ, ನಮ್ಮ ತಲೆಗೆ ಕಟ್ಟಿದ್ದಾರೆ.

ಬ್ಯಾಂಕಿನ ಮೆಟ್ಟಿಲ ಮೇಲೇ ಫೋನ್ ಮಾಡಿದೆ. ಬಂದ ಉತ್ತರ: "ಅದೇನ್ ಪ್ರಾಬ್ಲಮ್ ಆಗಲ್ಲ ಸರ್, ಅದರ್ ಆಬ್ಜೆಕ್ಟ್ಸ್‌ನಲ್ಲಿ ಎಲ್ಲಾ ಬಿಸಿನೆಸ್ಸೂ ಕವರ್ ಆಗುತ್ತೆ."

ಶುದ್ಧ ಸುಳ್ಳು. 'ಅದರ್ ಆಬ್ಜೆಕ್ಟ್ಸ್' ಅನ್ನುವ ಭಾಗ ಇದ್ದದ್ದು 1956ರ ಹಳೇ ಕಾಯ್ದೆಯಲ್ಲಿ. 2013ರ ಕಂಪನಿ ಕಾಯ್ದೆಯಲ್ಲಿ ಅದು ಇಲ್ಲವೇ ಇಲ್ಲ. ಈಗ ಇರುವುದು ಎರಡೇ: ಕಂಪನಿ ಏನು ವ್ಯವಹಾರ ಮಾಡುತ್ತದೆ ಅನ್ನುವ ಮುಖ್ಯ ಉದ್ದೇಶ, ಮತ್ತು ಆ ಉದ್ದೇಶಕ್ಕೆ ಪೂರಕವಾದ ಸಂಗತಿಗಳು. ಸಾಫ್ಟ್‌ವೇರಿಗೆ ಪೂರಕವಾಗಿ ಯಾರು ಗಾಣ ತಿರುಗಿಸುತ್ತಾರೆ? ಕಂಪನಿ ಮಾಡಿಸೋದೇ ಕಸುಬು ಅನ್ನೋ ಮನುಷ್ಯನಿಗೆ ಇಷ್ಟೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ನಮಗೆ ಗೊತ್ತಿರಲ್ಲ ಅಂದುಕೊಂಡಿದ್ದಾನೆ.

ಇನ್ನೊಮ್ಮೆ ಕೇಳಿದಾಗ ಬಂದ ಉತ್ತರ ಇನ್ನೂ ಕೆಟ್ಟದ್ದು. "ನೀವೇ ಸೈನ್ ಮಾಡಿದ್ದೀರಲ್ಲ ಸರ್. ಇ-ಎಂಒಎ ಮೇಲೆ ನಿಮ್ಮಿಬ್ಬರದ್ದೂ ಡಿಜಿಟಲ್ ಸಿಗ್ನೇಚರ್ ಇದೆ." ಇ-ಎಂಒಎ ಅಂದರೆ ಅದೇ ಮೆಮೊರಾಂಡಮ್‌ನ ಆನ್‌ಲೈನ್ ಫಾರ್ಮ್.

ನಮ್ಮಿಬ್ಬರ ಡಿಎಸ್‌ಸಿ ಟೋಕನ್‌ಗಳು ಮೊದಲ ದಿನದಿಂದ ಅವನ ಆಫೀಸಿನ ಡ್ರಾಯರಿನಲ್ಲೇ ಇದ್ದವು. ನಮ್ಮ ಕೈಗೆ ಒಮ್ಮೆಯೂ ಬರಲಿಲ್ಲ. "ಫೈಲಿಂಗ್ ಮುಗಿಯೋ ತನಕ ನಮ್ಮಲ್ಲೇ ಇರಲಿ, ಕೊರಿಯರ್‌ನಲ್ಲಿ ಕಳಿಸಿ ತರಿಸೋದು ಯಾಕೆ" ಅಂದವನೇ ಅವನು. ಕೇಳಿದಾಗ ಟೋಕನ್ ಕೊಡದೆ, ಡ್ರಾಫ್ಟ್ ತೋರಿಸದೆ, ತಾನೇ ಕಂಪ್ಯೂಟರಿಗೆ ಚುಚ್ಚಿ ತಾನೇ ಸಹಿ ಹಾಕಿ, ಕೊನೆಗೆ ನೀವೇ ಸೈನ್ ಮಾಡಿದ್ದೀರಲ್ಲ ಅನ್ನುತ್ತಾನೆ. ಇದಕ್ಕೇ ಹೇಳುತ್ತಿದ್ದೇನೆ, ಮತ್ತೆ ಮತ್ತೆ ಹೇಳುತ್ತೇನೆ: ಟೋಕನ್ ಬಿಡಬೇಡಿ. ಐಟಿ ಕಾಯ್ದೆ 2000ರ ಪ್ರಕಾರ ಆ ಸಹಿಗೆ ಪೆನ್ನಿನ ಸಹಿಯಷ್ಟೇ ಬೆಲೆ. ಅದು ಇನ್ನೊಬ್ಬರ ಡ್ರಾಯರಿನಲ್ಲಿದ್ದರೆ, ಖಾಲಿ ಛಾಪಾ ಕಾಗದದ ಮೇಲೆ ಸಹಿ ಹಾಕಿ ಕೊಟ್ಟಂತೆ. ಎಷ್ಟೋ ಟೋಕನ್‌ಗಳು ತಯಾರಕರು ಇಟ್ಟ ಡೀಫಾಲ್ಟ್ ಪಾಸ್‌ವರ್ಡ್‌ನಲ್ಲೇ ಇರುತ್ತವೆ. ಕೈಗೆ ಬಂದ ತಕ್ಷಣ ಬದಲಿಸಿ.

ಈಗ ದುಡ್ಡಿನ ವಿಷಯ. ಬಿಲ್ಲಿನಲ್ಲಿ 'ಸರ್ಕಾರಿ ಶುಲ್ಕ' ಅಂತ 9,500 ಹಾಕಿದ್ದ. ಚಲನ್ ಕೊಡಿ ಅಂದರೆ "ಪೋರ್ಟಲ್ ಡೌನ್ ಇದೆ ಸರ್", "ಅಕೌಂಟ್ಸ್ ಹುಡುಗ ರಜೆ ಸರ್". ಕೊನೆಗೂ ಸಿಕ್ಕ ಚಲನ್‌ಗಳನ್ನು ಕೂಡಿಸಿ ನೋಡಿದರೆ ಬಿಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾದ ಲೆಕ್ಕ ಇದು. ಸ್ಪೈಸ್ ಪ್ಲಸ್ ಅನ್ನುವ ಆನ್‌ಲೈನ್ ನೋಂದಣಿ ಫಾರ್ಮಿನ ಭಾಗ ಎ-ಯಲ್ಲಿ ಹೆಸರು ಕಾಯ್ದಿರಿಸಲು 1,000 ರೂಪಾಯಿ. ಅಧಿಕೃತ ಬಂಡವಾಳ 15 ಲಕ್ಷದವರೆಗೆ ನೋಂದಣಿಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಶುಲ್ಕ ಸೊನ್ನೆ. ಪ್ಯಾನ್, ಟ್ಯಾನ್‌ಗೆ ಸಣ್ಣ ಮೊತ್ತ. ಇದರ ಮೇಲೆ ರಾಜ್ಯದ ಮುದ್ರಾಂಕ ಶುಲ್ಕ, ಅದು ಚಲನ್‌ನಲ್ಲಿ ಬೇರೆಯಾಗೇ ಕಾಣಿಸುತ್ತದೆ. ಉಳಿದದ್ದು ಡಿಎಸ್‌ಸಿ ಖರ್ಚು ಮತ್ತು ಅವರ ಫೀಸು. ಫೀಸು ತೆಗೆದುಕೊಳ್ಳಲಿ, ಕೆಲಸಕ್ಕೆ ಕೂಲಿ ಬೇಡ ಅನ್ನೋದಿಲ್ಲ. ಆದರೆ ತನ್ನ ಫೀಸನ್ನು ಸರ್ಕಾರದ ಹೆಸರಿನಲ್ಲಿ ಬರೆದರೆ ಅದನ್ನು ಏನೆಂದು ಕರೆಯಬೇಕು?

ಇಷ್ಟೇ ಅಲ್ಲ. ನಡುವೆ "ಕೋರಮಂಗಲ ಆಫೀಸಲ್ಲಿ ಫೈಲ್ ಮೂವ್ ಆಗ್ಬೇಕು ಅಂದ್ರೆ ಸ್ವಲ್ಪ ನೋಡ್ಕೋಬೇಕು ಸರ್" ಅಂತ ಪ್ರತ್ಯೇಕವಾಗಿ ಕಿತ್ತ. ಹೊಸ ಕಂಪನಿಯ ಅರ್ಜಿ ಕೋರಮಂಗಲದ ಆರ್‌ಒಸಿ (ಕಂಪನಿಗಳ ರಿಜಿಸ್ಟ್ರಾರ್) ಮೇಜಿಗೆ ಹೋಗುವುದೇ ಇಲ್ಲ! ಅದನ್ನು ನೋಡುವುದು ಹರಿಯಾಣದ ಮನೇಸರ್‌ನಲ್ಲಿರುವ ಸೆಂಟ್ರಲ್ ರಿಜಿಸ್ಟ್ರೇಷನ್ ಸೆಂಟರ್. ಎಲ್ಲಾ ಆನ್‌ಲೈನ್. ನೋಡಿಕೊಳ್ಳೋಕೆ ಅಲ್ಲಿ ಯಾರೂ ಇಲ್ಲ, ದುಡ್ಡು ಹೋಗಿದ್ದು ಇವನ ಜೇಬಿಗೇ.

ಹೆಸರಿನಲ್ಲೂ ಇದೇ ಆಟ. ಭಾಗ ಎ-ಯಲ್ಲಿ ಒಮ್ಮೆಗೆ ಎರಡು ಹೆಸರು ಹಾಕಬಹುದು, ಆಕ್ಷೇಪ ಬಂದರೆ ಒಂದು ಸಲ ತಿದ್ದಿ ಮತ್ತೆ ಸಲ್ಲಿಸಬಹುದು, ಅದಕ್ಕೆ ಹೊಸ ಶುಲ್ಕವಿಲ್ಲ. ಇವನು ಆ ಮರುಸಲ್ಲಿಕೆಗೂ 'ಪೆನಾಲ್ಟಿ' ಅಂತ ವಸೂಲಿ ಮಾಡಿದ. ಹೆಸರು ತಿರಸ್ಕಾರ ಆಗೋದು ಹೆಚ್ಚಾಗಿ ಇರುವ ಕಂಪನಿಯ ಹೆಸರಿಗೋ ಟ್ರೇಡ್‌ಮಾರ್ಕಿಗೋ ಹತ್ತಿರವಾದಾಗ. ಟ್ರೇಡ್‌ಮಾರ್ಕ್ ಹುಡುಕಾಟ ಪುಕ್ಕಟೆ, ನೀವೇ ಮಾಡಿ. ಎಣ್ಣೆಯವರು ಎರಡು ಕಡೆ ನೋಡಬೇಕು: ಅಡುಗೆ ಎಣ್ಣೆ 29ನೇ ವರ್ಗ, ತಲೆಗೆ ಹಚ್ಚುವ ಎಣ್ಣೆ 3ನೇ ವರ್ಗ. ಹೆಸರು ಒಪ್ಪಿಗೆಯಾದ ಮೇಲೆ 20 ದಿನದೊಳಗೆ ಭಾಗ ಬಿ, ಅಂದರೆ ನೋಂದಣಿಯ ಅರ್ಜಿ, ಸಲ್ಲಿಸಬೇಕು. ಮತ್ತೆ, ಕಂಪನಿ ಹೆಸರು ಸಿಕ್ಕಿತು ಅಂದರೆ ಬ್ರಾಂಡ್ ನಿಮ್ಮದಾಯಿತು ಅಂತಲ್ಲ, ಅದು ಬೇರೆಯೇ ಅರ್ಜಿ.

ಇದಕ್ಕಿಂತ ಅಪಾಯದ್ದು ಇ-ಮೇಲ್ ಮತ್ತು ಮೊಬೈಲ್. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಮಾಸ್ಟರ್ ಡೇಟಾ ಅಂತ ಇದೆ, ಯಾರು ಬೇಕಾದರೂ ನೋಡಬಹುದು. ತೆಗೆದು ನೋಡಿದರೆ ನಮ್ಮ ಕಂಪನಿಯ ಇ-ಮೇಲ್ ಅಂತ ಅವನ ಆಫೀಸಿನ ವಿಳಾಸ! ಸಚಿವಾಲಯದ ಜ್ಞಾಪನೆ, ನೋಟಿಸ್, ಎಲ್ಲವೂ ಅವನಿಗೆ. ನಮಗೆ ಒಂದಕ್ಷರ ಬರಲಿಲ್ಲ.

ಬಂದಿದ್ದರೆ ಐಎನ್‌ಸಿ-20ಎ (ವ್ಯವಹಾರ ಶುರು ಮಾಡುವ ಘೋಷಣೆಯ ಫಾರ್ಮ್) ಗಡುವು ತಪ್ಪುತ್ತಿರಲಿಲ್ಲ. ಇದನ್ನು ಗಮನ ಕೊಟ್ಟು ಓದಿ, ತುಂಬಾ ಜನ ಸಿಕ್ಕಿಬೀಳುವುದು ಇಲ್ಲೇ. ಸರ್ಟಿಫಿಕೇಟ್ ಬಂದರೂ ವ್ಯವಹಾರ ಶುರು ಮಾಡುವ ಹಾಗಿಲ್ಲ. ಷೇರುದಾರರು ಒಪ್ಪಿಕೊಂಡ ಹಣವನ್ನು ತಮ್ಮ ತಮ್ಮ ಖಾತೆಯಿಂದ ಕಂಪನಿ ಖಾತೆಗೆ ಹಾಕಬೇಕು. ಆ ಸ್ಟೇಟ್‌ಮೆಂಟ್ ಲಗತ್ತಿಸಿ, ನೋಂದಣಿಯಾದ 180 ದಿನದೊಳಗೆ ಐಎನ್‌ಸಿ-20ಎ ಸಲ್ಲಿಸಬೇಕು. ಒಂದು ಲಕ್ಷ ಬಂಡವಾಳಕ್ಕೆ ಶುಲ್ಕ 300 ರೂಪಾಯಿ. ಬರೀ 300! ತಪ್ಪಿದರೆ ಕಂಪನಿಗೆ 50,000 ದಂಡ, ಡೈರೆಕ್ಟರುಗಳಿಗೆ ದಿನಕ್ಕೆ 1,000ದಂತೆ ಒಂದು ಲಕ್ಷದವರೆಗೆ. ಫಾರ್ಮಿನ ತಡದ ಶುಲ್ಕ ಬೇರೆ, ಎರಡು ಪಟ್ಟಿನಿಂದ ಹನ್ನೆರಡು ಪಟ್ಟಿನ ತನಕ ಏರುತ್ತದೆ. ಕೇಳಿದಾಗ "ಅದೇನ್ ಅರ್ಜೆಂಟ್ ಇಲ್ಲ ಸರ್" ಅಂದವನು, ಗಡುವು ದಾಟಿದ ಮೇಲೆ "ಅದು ಪ್ಯಾಕೇಜಲ್ಲಿ ಬರಲ್ಲ ಸರ್, 15,000 ಕೊಟ್ರೆ ಕ್ಲಿಯರ್ ಮಾಡಿಸ್ತೀನಿ" ಅಂದ. ಗಡುವು ದಾಟಿಸಿದವನೂ ಅವನೇ, ದಾಟಿದ್ದಕ್ಕೆ ದರ ಹೇಳುವವನೂ ಅವನೇ.

ಪ್ಯಾಕೇಜಲ್ಲಿ ಬರಲ್ಲ ಅನ್ನುವ ಪಟ್ಟಿ ಉದ್ದ ಇದೆ. ಮೊದಲ ಆಡಿಟರ್ ನೇಮಕ 30 ದಿನದೊಳಗೆ. ಮೊದಲ ಬೋರ್ಡ್ ಸಭೆಯೂ 30 ದಿನದೊಳಗೆ. ಷೇರು ಪತ್ರ ಎರಡು ತಿಂಗಳೊಳಗೆ. ವರ್ಷ ಮುಗಿದ ಮೇಲೆ, ವಹಿವಾಟು ಇರಲಿ ಬಿಡಲಿ, ಆಡಿಟ್ ಆಗಲೇಬೇಕು. ಲೆಕ್ಕಪತ್ರದ ಫಾರ್ಮ್ ಎಒಸಿ-4 ವಾರ್ಷಿಕ ಸಭೆಯ 30 ದಿನದೊಳಗೆ, ವಾರ್ಷಿಕ ವಿವರದ ಫಾರ್ಮ್ ಎಂಜಿಟಿ-7ಎ 60 ದಿನದೊಳಗೆ. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ, ಇಂತಿಷ್ಟೇ ಅಂತ ಮಿತಿ ಇಲ್ಲ. ಮೂರು ವರ್ಷ ಸತತ ಬಿಟ್ಟರೆ ಡೈರೆಕ್ಟರ್ ಐದು ವರ್ಷ ಅನರ್ಹ.

ಇನ್ನೊಂದು ಸಣ್ಣ ಸಂಗತಿ, ಇದನ್ನೂ ಯಾರೂ ಹೇಳಲ್ಲ. ಜನವರಿ 1ರಂದು ಅಥವಾ ಆಮೇಲೆ ನೋಂದಣಿಯಾದ ಕಂಪನಿ ತನ್ನ ಮೊದಲ ಹಣಕಾಸು ವರ್ಷವನ್ನು ಮುಂದಿನ ವರ್ಷದ ಮಾರ್ಚ್ 31ರ ತನಕ ಒಯ್ಯಬಹುದು. ಡಿಸೆಂಬರ್ ಕೊನೆಗೆ ಅವಸರ ಮಾಡಿ ನೋಂದಾಯಿಸಿದರೆ ಮೂರೇ ತಿಂಗಳ ಖಾಲಿ ಲೆಕ್ಕಕ್ಕೂ ಆಡಿಟ್, ಫೈಲಿಂಗ್ ಎಲ್ಲಾ. ನಮ್ಮದನ್ನು ಡಿಸೆಂಬರಿನಲ್ಲೇ ಮುಗಿಸಿದ, "ಹೊಸ ವರ್ಷಕ್ಕೆ ಕಂಪನಿ ರೆಡಿ ಸರ್" ಅಂತ. ಆ ಮೂರು ತಿಂಗಳ ಆಡಿಟ್ ಫೀಸು ಯಾರಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಇಬ್ಬರು ಮನೆಯವರು ನಡೆಸುವ ಗಾಣಕ್ಕೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಸಾಕಿತ್ತೇನೋ ಅಂತ ಕೇಳಿದ್ದಕ್ಕೆ "ಪ್ರೈವೇಟ್ ಲಿಮಿಟೆಡ್ ಅಂದ್ರೇನೇ ಮರ್ಯಾದೆ ಸರ್" ಅಂದಿದ್ದ. ಎಲ್‌ಎಲ್‌ಪಿಗೆ ವಹಿವಾಟು 40 ಲಕ್ಷ ದಾಟದೆ, ಪಾಲುದಾರರ ಬಂಡವಾಳ 25 ಲಕ್ಷ ದಾಟದೆ ಇದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಇಲ್ಲ. ವರ್ಷಕ್ಕೆ ಮುಖ್ಯವಾಗಿ ಎರಡು ಫಾರ್ಮ್, ಮೇ 30ಕ್ಕೆ ಫಾರ್ಮ್ 11, ಅಕ್ಟೋಬರ್ 30ಕ್ಕೆ ಫಾರ್ಮ್ 8. ಏಜೆಂಟನಿಗೆ ವರ್ಷಾ ವರ್ಷ ಮೇಯೋಕೆ ಅದರಲ್ಲಿ ಅಷ್ಟು ಹುಲ್ಲಿಲ್ಲ. ಹೊರಗಿನವರಿಂದ ಬಂಡವಾಳ ತರುವ, ಷೇರು ಕೊಡುವ ಯೋಚನೆ ಇದ್ದರೆ ಮಾತ್ರ ಪ್ರೈವೇಟ್ ಲಿಮಿಟೆಡ್ ಸರಿ. 'ಲಿಮಿಟೆಡ್ ಅಂದ್ರೆ ಮನೆ ಸೇಫ್' ಅನ್ನುವುದನ್ನೂ ಪೂರ್ತಿ ನಂಬಬೇಡಿ. ಸಾಲ ಕೊಡುವಾಗ ಬ್ಯಾಂಕು ಸಣ್ಣ ಕಂಪನಿಯ ಡೈರೆಕ್ಟರುಗಳಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ.

ಉದ್ದೇಶದ ಕಲಮನ್ನು ಈಗ ಸರಿಪಡಿಸುವ ದಾರಿ ಹೀಗಿದೆ. ಬೋರ್ಡ್ ಸಭೆ ಕರೆದು, ಷೇರುದಾರರ ವಿಶೇಷ ಸಭೆಗೆ 21 ದಿನ ಮುಂಚಿತ ನೋಟಿಸ್ ಕೊಟ್ಟು, ವಿಶೇಷ ನಿರ್ಣಯ ಮಾಡಿ, 30 ದಿನದೊಳಗೆ ತಿದ್ದಿದ ಮೆಮೊರಾಂಡಮ್ ಜೊತೆ ಎಂಜಿಟಿ-14 (ನಿರ್ಣಯ ಸಲ್ಲಿಸುವ ಫಾರ್ಮ್) ಹಾಕಬೇಕು. ಉದ್ಯಮ ಕೋಡ್ ಬದಲಾದರೆ ಸಿಐಎನ್ ಬದಲಾಗುತ್ತದೆ. ಆಮೇಲೆ ಲೆಟರ್‌ಹೆಡ್, ಬಿಲ್ ಪುಸ್ತಕ, ಬ್ಯಾಂಕ್, ಜಿಎಸ್‌ಟಿ, ಎಲ್ಲಾ ಕಡೆ ಹೊಸ ಸಂಖ್ಯೆ. ಅಲ್ಲಿಯ ತನಕ ಆಹಾರ ಪರವಾನಗಿಯೂ ಸಾಲದ ಅರ್ಜಿಯೂ ನಿಂತಲ್ಲೇ ನಿಂತಿವೆ. ಒಂದು ಪ್ಯಾರಾ ಓದಿ ಟೈಪ್ ಮಾಡದ ಸೋಮಾರಿತನಕ್ಕೆ ಇಷ್ಟು.

ಇನ್ನೂ ದುಡ್ಡು ಕಟ್ಟದವರು ಇಷ್ಟು ಮಾಡಿ. ಡಿಎಸ್‌ಸಿ ಅರ್ಜಿಗೆ, ಫಾರ್ಮಿಗೆ ನಿಮ್ಮದೇ ಮೊಬೈಲ್, ನಿಮ್ಮದೇ ಇ-ಮೇಲ್. ಒಟಿಪಿ ಅವರ ಫೋನಿಗೆ ಹೋಗುತ್ತಿದೆ ಅಂದರೆ ಅಲ್ಲೇ ನಿಲ್ಲಿಸಿ. ಸಹಿಗೆ ಮುಂಚೆ ಇ-ಎಂಒಎ, ಇ-ಎಒಎ (ಕಂಪನಿಯ ಒಳ ನಿಯಮಗಳು), ಅಜೈಲ್-ಪ್ರೊ-ಎಸ್ (ಜಿಎಸ್‌ಟಿ, ಬ್ಯಾಂಕ್ ಖಾತೆ ಮುಂತಾದವುಗಳ ಫಾರ್ಮ್) ಮೂರರ ಪಿಡಿಎಫ್ ತರಿಸಿಕೊಂಡು ಓದಿ. ಮುಖ್ಯ ಉದ್ದೇಶದಲ್ಲಿ ನಿಮ್ಮ ಸರಕಿನ ಹೆಸರು ಇರಬೇಕು. ನೋಂದಾಯಿತ ಕಚೇರಿಗೆ ಏಜೆಂಟನ ವಿಳಾಸ ಹಾಕಲು ಬಿಡಬೇಡಿ. ನಿಮ್ಮ ಗಾಣದ್ದೋ ಮನೆಯದ್ದೋ ವಿಳಾಸ ಸಾಕು, ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಮತ್ತು ಮಾಲೀಕರ ಒಪ್ಪಿಗೆ ಪತ್ರ ಇದ್ದರೆ ಆಯಿತು. ಕನಿಷ್ಠ ಒಂದು ಲಕ್ಷ ಬಂಡವಾಳ ಇರಲೇಬೇಕು ಅನ್ನುವ ನಿಯಮ 2015ರಲ್ಲೇ ಹೋಗಿದೆ.

ಇನ್ನೊಂದು. ಸ್ಪೈಸ್ ಪ್ಲಸ್ ಫಾರ್ಮನ್ನು ವೃತ್ತಿಯಲ್ಲಿರುವ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರು ದೃಢೀಕರಿಸಿರುತ್ತಾರೆ, ಅವರ ಸದಸ್ಯತ್ವ ಸಂಖ್ಯೆ ಫಾರ್ಮಿನ ಕೊನೆಯಲ್ಲೇ ಇರುತ್ತದೆ. ನಮ್ಮ ಫಾರ್ಮಿನಲ್ಲಿ ಇದ್ದದ್ದು ನಾವು ಒಮ್ಮೆಯೂ ಮಾತಾಡದ, ಹೆಸರೇ ಕೇಳದ ಒಬ್ಬರದ್ದು. ನಿಮ್ಮದನ್ನು ತೆಗೆದು ನೋಡಿ. ಸಿಎ ಆಗಿದ್ದರೆ, ಸಿಎಸ್ ಆಗಿದ್ದರೆ ಅವರವರ ಸಂಸ್ಥೆಯ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದು. ಬರೀ ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಿಕೊಂಡವನ ಮೇಲೆ ಗ್ರಾಹಕ ಸಹಾಯವಾಣಿ 1915. ಟೋಕನ್ ವಾಪಸ್ ಕೊಡದಿದ್ದರೆ, ಆ ಡಿಎಸ್‌ಸಿ ಕೊಟ್ಟ ಪ್ರಮಾಣೀಕರಣ ಸಂಸ್ಥೆಗೆ ಇ-ಮೇಲ್ ಹಾಕಿ ಅದನ್ನು ರದ್ದು ಮಾಡಿಸಿ, ಹೊಸದು ತೆಗೆಯಿರಿ. ನಾವು ಇಬ್ಬರದ್ದೂ ರದ್ದು ಮಾಡಿಸಿದ್ದು ತಿಳಿದ ಮೇಲೆ ಅವನಿಂದ ಬಂದ ಮೆಸೇಜ್: "ಇಷ್ಟು ಸಣ್ಣ ವಿಷಯಕ್ಕೆ ಯಾಕ್ ಸರ್, ಟೋಕನ್ ಕೇಳಿದ್ರೆ ಕೊಡ್ತಿದ್ದೆ." ಅತ್ತಿಗೆ, ನಾನು ಇಬ್ಬರೂ ಟೋಕನ್ ಕೇಳಿ ಹಾಕಿದ ಹಳೆಯ ಮೆಸೇಜುಗಳು ಅದರ ಮೇಲೆಯೇ ಇದ್ದವು. ಆ ಸ್ಕ್ರೀನ್‌ಶಾಟ್‌ಗಳನ್ನೇ ದೂರಿನ ಜೊತೆ ಲಗತ್ತಿಸಿದ್ದೇವೆ. ನೀವೂ ಎಲ್ಲವನ್ನೂ ಬರಹದಲ್ಲೇ ಕೇಳಿ, ಫೋನಿನಲ್ಲಿ ಬೇಡ.