ಅಪ್ಪನ ಮೆಟಡೋರ್: ಗುಜರಿಗೆ, ಬಣ್ಣ ಬಳಿದು, ಅಥವಾ ಇದ್ದ ಹಾಗೆಯೇ

ಹಳೆಯ ವಾಹನವನ್ನು ತುಕ್ಕು ಕಾಣುವ ಹಾಗೆಯೇ ಮಾರಬೇಕು. ಮೂರು ದಾರಿಗಳನ್ನೂ ಹಿಡಿದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು 1984ರ ಬಜಾಜ್ ಟೆಂಪೊ ಮೆಟಡೋರ್. ಅಪ್ಪ ಜಾತ್ರೆಗಳಲ್ಲಿ ಫೋಟೊ ತೆಗೆಯುತ್ತಿದ್ದರು. ನಾಯಕನಹಟ್ಟಿ ತೇರಿಗೆ ಹೋದರೆ ನಾಲ್ಕು ದಿನ ಅಲ್ಲೇ ಠಿಕಾಣಿ. ಅದಕ್ಕೆಂದೇ ಹಿಂದಿನ ಸೀಟು ತೆಗೆಸಿ ತೇಗದ ಹಲಗೆಯ ಮಂಚ, ಸೀಮೆಎಣ್ಣೆ ಸ್ಟೌ ಇಡಲು ತಗಡಿನ ಕಟ್ಟೆ, ಫೋಟೊ ಪರದೆ ಸುತ್ತಿಡಲು ಹಿತ್ತಾಳೆ ಕೊಕ್ಕೆ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷ ದಾವಣಗೆರೆಯ ನಮ್ಮ ಹಿತ್ತಲ ಹುಣಸೆ ಮರದ ಕೆಳಗೆ ಗಾಡಿ ನಿಂತೇ ಇತ್ತು.

ಗುಜರಿಯವರು ತೂಕದ ಲೆಕ್ಕದಲ್ಲಿ 34,000 ರೂಪಾಯಿ ಹೇಳಿದರು. ಅಂದೇ ಹಣ, ಅಂದೇ ಜಾಗ ಖಾಲಿ. ಆದರೆ ಕಾಗದಪತ್ರದ ಮಾತೇ ಇಲ್ಲ. ನೋಂದಾಯಿತ ಗುಜರಿ ಕೇಂದ್ರವಾದರೆ ಗಾಡಿಯನ್ನು ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಠೇವಣಿ ಪ್ರಮಾಣಪತ್ರ ಕೊಡುತ್ತದೆ. ಬೀದಿಯ ಗುಜರಿಗೆ ಕೊಟ್ಟರೆ ಗಾಡಿ ಚೂರಾದರೂ ದಾಖಲೆಯಲ್ಲಿ ಅಪ್ಪನ ಹೆಸರಿನಲ್ಲೇ ಉಳಿಯುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ.

ಬಣ್ಣ ಬಳಿಸಿದರೆ ಬೆಲೆ ಏರುತ್ತದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಟಿಂಕರಿಂಗ್ ಕೆಲಸದವರು ತುಕ್ಕು ತಿಂದ ಕಡೆ ಪುಟ್ಟಿ ಎಂಬ ಲೇಪ ಮೆತ್ತಿ ಎಡ ಮಗ್ಗುಲು ಮುಗಿಸುವಷ್ಟರಲ್ಲಿ 22,000 ರೂಪಾಯಿ ಹೋಯಿತು. ಗಾಡಿ ನೋಡಲು ಹುಬ್ಬಳ್ಳಿಯಿಂದ ಬಂದವರು ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದರು. ಮೇಲೆ ಕಚ್ಚಿಕೊಂಡಿತು. ಕೆಳಗೆ ತಂದಾಗ ಜಾರಿ ನೆಲಕ್ಕೆ ಬಿತ್ತು. ‘ಅಣ್ಣಾ, ಇಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ’ ಎಂದವರು ಬಲ ಮಗ್ಗುಲನ್ನು ನೋಡದೆಯೇ ಹೊರಟುಹೋದರು. ಬಲಗಡೆ ಪುಟ್ಟಿ ಸೋಂಕಿಯೇ ಇರಲಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮುಂದಿತ್ತು. ಅದೇ ಪುಟ್ಟಿ ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರಿನ ಮೇಲೂ ಕೂತಿತ್ತು. ಮಾಲೀಕತ್ವ ವರ್ಗಾವಣೆ ಅರ್ಜಿಗೆ ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಬೇಕು. ನನ್ನ ಕಾಗದದಲ್ಲಿ ಮೂಡಿದ್ದು ಬರೀ ಬೂದು ಮಚ್ಚೆ. ಉಪ್ಪುಕಾಗದ ಹಾಕಿ ಉಜ್ಜಲು ಧೈರ್ಯವಾಗಲಿಲ್ಲ. ಅಂಕಿ ಸವೆದರೆ ನಂಬರ್ ತಿದ್ದಿದ್ದಾರೆ ಎಂಬ ಅನುಮಾನ ಬರುತ್ತದೆ. ಮೂರು ಭಾನುವಾರ ಪೇಂಟ್ ರಿಮೂವರ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ಅಂಕಿಯನ್ನು ಬಿಡಿಸಿದೆ. ಕೊನೆಯ ಅಂಕಿ 3ರ ಹಾಗೆ ಕಂಡಿತು. ಬೆಳಕು ಓರೆಯಾಗಿ ಬಿಟ್ಟಾಗ ಅದು 8. ಆರ್‌ಸಿ ಪುಸ್ತಕದಲ್ಲೂ 8 ಇತ್ತು. ಆಗ ಉಸಿರು ಬಂತು.

ಆಮೇಲೆ ಬಣ್ಣದ ಕೆಲಸ ಅಲ್ಲಿಗೇ ನಿಲ್ಲಿಸಿ ಇದ್ದ ಹಾಗೆಯೇ ಮಾರಾಟಕ್ಕಿಟ್ಟೆ. ನಲವತ್ತು ಫೋಟೊ ತೆಗೆದೆ, ಅರ್ಧಕ್ಕರ್ಧ ತುಕ್ಕಿನವೇ. ಚಾಲಕನ ಕಾಲ ಬುಡದಲ್ಲಿ ಅಂಗೈ ಅಗಲದ ತೂತಿದೆ, ಎಂಜಿನ್ ತಿರುಗುತ್ತದೆ ಆದರೆ ಸ್ಟಾರ್ಟ್ ಆಗುವುದಿಲ್ಲ, ಎಡ ಮಗ್ಗುಲಲ್ಲಿ ಪುಟ್ಟಿ ಇದೆ ಎಂದು ಎಲ್ಲವನ್ನೂ ಬರೆದೆ. ವಿಂಟೇಜ್ ಎಂದು ಮಾತ್ರ ಬರೆಯಲಿಲ್ಲ. 2021ರ ಕೇಂದ್ರ ನಿಯಮದಂತೆ ಅದಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮಾಲೀಕರು ತೀರಿಕೊಂಡಾಗ ವಾರಸುದಾರರು ಸಲ್ಲಿಸುವ ನಮೂನೆ 31 ಕೊಟ್ಟು ಗಾಡಿಯನ್ನು ಮೊದಲು ನನ್ನ ಹೆಸರಿಗೆ ಮಾಡಿಸಿಕೊಂಡೆ. ಮಾರಾಟಕ್ಕೆ ಬೇಕಾದ 29 ಮತ್ತು 30 ಆಮೇಲಿನ ಮಾತು.

ಈ ದಾರಿಯಲ್ಲಿ ತಡವಾಗುತ್ತದೆ. ನನಗೆ ಐದು ತಿಂಗಳು ಹಿಡಿಯಿತು, ಸುಮ್ಮನೆ ನೋಡಿಹೋಗುವವರೇ ಹೆಚ್ಚು. ಸ್ವಂತ ಗ್ಯಾರೇಜ್ ಇದ್ದು, ತಗಡು ಕತ್ತರಿಸಿ ಬೆಸುಗೆ ಹಾಕಿಸುವ ಶಕ್ತಿ ಇದ್ದವರು ದುರಸ್ತಿ ಮಾಡಿಯೇ ಮಾರಲಿ. ನನ್ನ ಕೈಯಲ್ಲಿದ್ದದ್ದು ಭಾನುವಾರ ಮತ್ತು ತಿಂಗಳ ಸಂಬಳ ಮಾತ್ರ.

ಕೊಂಡವರು ಮೈಸೂರಿನ ಗಂಡ ಹೆಂಡತಿ. ಆ ಹೆಣ್ಣುಮಗಳು ಒಳಗೆ ಹೋಗಿ ಮಂಚದ ಮೇಲೆ ಕೂತು, ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ, ಇವು ಏತಕ್ಕೆ ಎಂದು ಕೇಳಿದರು. ಹೇಳಿದೆ. ಇವನ್ನು ಹೀಗೆಯೇ ಉಳಿಸಿಕೊಳ್ಳುತ್ತೇವೆ ಎಂದರು. ನಾನು ಹೇಳಿದ್ದು 1,20,000. ತೂತಿಗಾಗಲಿ, ಎಂಜಿನ್ನಿಗಾಗಲಿ ಅವರು ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಎಡ ಮಗ್ಗುಲಿನ ಪುಟ್ಟಿ ಕೆರೆಸುವ ಕೂಲಿ ಎಂದು 8,000 ಕಡಿಮೆ ಮಾಡಿ ಎಂದರು. ಮಾಡಿದೆ.