ಎರಡು ಅಡಿಗೆರೆಗಳು: ಎಸ್‌ಡಿಸಿಸಿ ಕಂಪೈಲರ್ ಜತೆ ಆರು ವರ್ಷ

ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳಿಗೆ ಪಂಪ್‌ಸೆಟ್ ಆಟೋ ಸ್ಟಾರ್ಟರ್ ಮಾಡಿಕೊಡುವುದು ನನ್ನ ಕಸುಬು. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೂ ಮೋಟಾರು ತಾನಾಗಿಯೇ ಚಾಲೂ ಆಗಬೇಕು. ಒಳಗಿರುವುದು 8051 ಕುಟುಂಬದ ಎಟಿ89ಎಸ್52 ಚಿಪ್. ಪ್ರೋಗ್ರಾಮಿಗೆ 8 ಕೆಬಿ, ರ್‍ಯಾಮ್ 256 ಬೈಟ್.

ಸಿ ಭಾಷೆಯ ಕೋಡನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸುವ ತಂತ್ರಾಂಶವೇ ಕಂಪೈಲರ್. ಮೊದಲು ಬಳಸುತ್ತಿದ್ದ ಕಂಪೈಲರಿನ ಉಚಿತ ಆವೃತ್ತಿಯಲ್ಲಿ ಪ್ರೋಗ್ರಾಮ್ 2 ಕೆಬಿ ದಾಟುವಂತಿರಲಿಲ್ಲ, ಪರವಾನಗಿ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ. ಎಸ್‌ಡಿಸಿಸಿ (ಸ್ಮಾಲ್ ಡಿವೈಸ್ ಸಿ ಕಂಪೈಲರ್) ಪೂರ್ತಿ ಉಚಿತ. ಆದರೆ ಮೊದಲ ದಿನ ಹಳೆಯ ಕೋಡ್ ಕೊಟ್ಟಾಗ ಪರದೆ ತುಂಬ ದೋಷಗಳು, ಮೈಯೆಲ್ಲ ಉರಿಯಿತು. 8051ರ ಪಿನ್ನಿಗೆ, ಇಂಟರಪ್ಟಿಗೆ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಬೇರೆ ಕೆಲಸಕ್ಕೆ ಕರೆಯುವ ಸಂಕೇತ), ಬೇರೆ ಬೇರೆ ಮೆಮೊರಿಗಳಿಗೆ ಶಿಷ್ಟ ಸಿ ಭಾಷೆಯಲ್ಲಿ ಪದಗಳೇ ಇಲ್ಲ. ಕಂಪೈಲರ್ ಮಾಡುವವರೇ ತಮಗೆ ತೋಚಿದ್ದನ್ನು ಸೇರಿಸಿಕೊಂಡಿದ್ದಾರೆ. ಹಳೆಯದರಲ್ಲಿ ‘ಎಸ್‌ಬಿಟ್’, ‘ಎಕ್ಸ್‌ಡೇಟಾ’, ‘ಇಂಟರಪ್ಟ್’ ಎಂದು ಹಾಗೆಯೇ ಬರೆದರೆ ಸಾಕಿತ್ತು. ಇಲ್ಲಿ ಪ್ರತಿಯೊಂದು ಪದದ ಶುರುವಿನಲ್ಲೂ ಎರಡು ಅಡಿಗೆರೆ (__) ಬೇಕು.

ಮೂರು ರಾತ್ರಿ ಕುಳಿತು ತಿದ್ದಿದೆ. ತಿದ್ದುತ್ತ ತಿದ್ದುತ್ತ ಸಿಟ್ಟು ಇಳಿಯಿತು. ‘ಡೇಟಾ’, ‘ಕೋಡ್’, ‘ಬಿಟ್’ ಎಂಬ ಹೆಸರುಗಳನ್ನು ಹಳೆಯ ಕಂಪೈಲರ್ ತಾನೇ ನುಂಗಿ ಕೂತಿತ್ತು; ವೋಲ್ಟೇಜ್ ಅಂಕಿಗೆ ‘ಡೇಟಾ’ ಎಂದು ಹೆಸರಿಡುವಂತಿರಲಿಲ್ಲ. ಎರಡು ಅಡಿಗೆರೆಯಿಂದ ಶುರುವಾಗುವ ಹೆಸರುಗಳನ್ನು ಸಿ ಮಾನಕವು ಕಂಪೈಲರಿಗೆಂದೇ ಕಾದಿರಿಸಿದೆ. ಎಸ್‌ಡಿಸಿಸಿ ತನ್ನ ಬೇಲಿಯೊಳಗೇ ಇದ್ದು, ಮಿಕ್ಕ ಹೆಸರುಗಳನ್ನೆಲ್ಲ ನನಗೆ ಬಿಟ್ಟಿದೆ. ಜತೆಗೆ ಬರುವ ‘ಕಂಪೈಲರ್.ಎಚ್’ ಫೈಲನ್ನು ಸೇರಿಸಿಕೊಂಡು ಅದರ ಮ್ಯಾಕ್ರೋಗಳಲ್ಲಿ (ಕಂಪೈಲರಿಗೆ ತಕ್ಕಂತೆ ಬದಲಾಗುವ ಅಡ್ಡಹೆಸರುಗಳು) ಬರೆದರೆ ಪಿನ್ನಿನ ಹೆಸರುಗಳು ಎರಡೂ ಕಂಪೈಲರುಗಳಲ್ಲಿ ನಡೆಯುತ್ತವೆ.

ಒಮ್ಮೆ ಮಾತ್ರ ಸೋತೆ. ಇಂಟರಪ್ಟ್ ಫಂಕ್ಷನ್ ಬೇರೆ ಫೈಲಿನಲ್ಲಿದ್ದರೆ ಅದರ ಪ್ರೋಟೋಟೈಪ್ (ಫಂಕ್ಷನ್ ಇದೆ ಎಂದು ಸಾರುವ ಸಾಲು) ಪ್ರೋಗ್ರಾಮ್ ಶುರುವಾಗುವ ‘ಮೈನ್’ ಫಂಕ್ಷನ್ ಇರುವ ಫೈಲಿನಲ್ಲೂ ಇರಬೇಕು, ಇಲ್ಲವಾದರೆ ಯಾವ ಇಂಟರಪ್ಟಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಸುವ ವೆಕ್ಟರ್ ಪಟ್ಟಿಗೆ ಅದು ಸೇರುವುದಿಲ್ಲ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ. ಮಾರ್ಚ್ ಬಿಸಿಲು, ತೋಟದ ಸಾಲುಗಳ ನಡುವಿನ ಒಣಗಿದ ಕಾಲುವೆ, ಮೋಟಾರನ್ನು ಚಾಲೂ ಮಾಡಬೇಕಾದ ರಿಲೇ ಸ್ವಿಚ್ ಅಲುಗುತ್ತಿಲ್ಲ. “ಇವತ್ತಾದರೂ ನೀರು ಬಿಡಬಹುದೇನೋ ಮಾರಾಯ?” ಎಂದು ತೋಟದ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಒಂದು ಸಾಲು ಸೇರಿಸಿದ ಮೇಲೆ ಮೋಟಾರು ಗುಂಯ್ ಎಂದಿತು.

ಕಂಪನಿಯೇ ಪರವಾನಗಿ ಕೊಡಿಸುವವರು ಬದಲಾಯಿಸುವ ಅಗತ್ಯವಿಲ್ಲ. ನನ್ನಂತೆ ಕೈಯಿಂದ ಹಣ ಹಾಕುವವರಿಗೆ ಎಸ್‌ಡಿಸಿಸಿಯನ್ನೇ ಹೇಳುತ್ತೇನೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ತೆರೆಯುವುದು ಈ ಕಂಪೈಲರ್ ಬರೆದಿಡುವ ‘ಮೆಮ್’ ಫೈಲನ್ನು. ಸ್ಟ್ಯಾಕಿಗೆ (ಫಂಕ್ಷನ್ನುಗಳು ತಾತ್ಕಾಲಿಕವಾಗಿ ಬಳಸುವ ಮೆಮೊರಿ ಜಾಗ) ಎಷ್ಟು ಬೈಟ್ ಉಳಿದಿದೆ ಎಂಬುದಕ್ಕೆ ಅಲ್ಲೊಂದು ಸಾಲು ಇರುತ್ತದೆ. ನಿನ್ನೆ 71 ಇತ್ತು, ಇವತ್ತು 64. ಆ ಏಳು ಬೈಟ್ ಎಲ್ಲಿ ಹೋಯಿತೆಂದು ಹುಡುಕುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆ.