ಪುರಾಣದಿಂದ ಕಥೆಗೆ: ಪ್ರೌಢಶಾಲಾ ಮಕ್ಕಳ ಬರವಣಿಗೆ ಶಿಬಿರದ ವಿಮರ್ಶೆ

ಒಂಬತ್ತನೆಯ ತರಗತಿಯ ನನ್ನ ಮಗಳನ್ನು ಬೇಸಿಗೆ ರಜೆಯಲ್ಲಿ ನಮ್ಮೂರಿನ ಮೂರು ದಿನಗಳ ಕಥಾಬರವಣಿಗೆ ಶಿಬಿರಕ್ಕೆ ಸೇರಿಸಿದ್ದೆ. ಪುರಾಣದ ಹೆಸರಿನಲ್ಲಿ ನೀತಿಪಾಠ ಹೇಳಿ ಕಳುಹಿಸುತ್ತಾರೇನೋ ಎಂಬ ಅಳುಕಿತ್ತು, ಹಾಗಾಗಲಿಲ್ಲ.

ಎರಡನೆಯ ದಿನದ ಪಾಠವೇ ಶಿಬಿರದ ಜೀವಾಳ. ರನ್ನನು ‘ಗದಾಯುದ್ಧ’ದಲ್ಲಿ ಭಾರತದ ಕಥೆಯನ್ನು ಮೊದಲಿನಿಂದ ಹೇಳುತ್ತ ಹೋಗದೆ, ಭೀಮ ದುರ್ಯೋಧನರ ಕೊನೆಯ ಕಾಳಗವನ್ನು ಕೇಂದ್ರವಾಗಿಟ್ಟುಕೊಂಡು, ಹಿಂದೆ ನಡೆದುದನ್ನು ಸಿಂಹಾವಲೋಕನ ಕ್ರಮದಿಂದ ಅದರೊಳಕ್ಕೆ ತಂದ ಬಗೆಯನ್ನು ಶಿಕ್ಷಕಿ ಬಹಳ ತಾಳ್ಮೆಯಿಂದ ಬಿಡಿಸಿ ತೋರಿಸಿದರಂತೆ. ಬಳಿಕ ಮಕ್ಕಳು ತಮಗೆ ಗೊತ್ತಿರುವ ಪುರಾಣಕಥೆಯೊಂದನ್ನು ಕೊನೆಯಿಂದ ಆರಂಭಿಸಿ ಬರೆಯಬೇಕಿತ್ತು. ಹೆಬ್ಬೆರಳು ಕೊಟ್ಟ ಮರುದಿನ ಬೆಳಿಗ್ಗೆ ಏಕಲವ್ಯನು ನೀರಿನ ಚೊಂಬನ್ನು ಹಿಡಿಯಲಾರದೆ ನಿಂತಿರುವ ದೃಶ್ಯದಿಂದ ನನ್ನ ಮಗಳು ಕಥೆಯನ್ನು ತೊಡಗಿದ್ದಳು. ಆ ಕಥೆಯನ್ನು ಗುರುಭಕ್ತಿಯ ನಿದರ್ಶನವಾಗಿ ಮಾತ್ರ ಕೇಳಿ ಬೆಳೆದಿದ್ದ ನನಗೆ ಆ ಚೊಂಬು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೊರತೆಗಳೂ ಇವೆ. 40 ಮಕ್ಕಳಿಗೆ ಒಬ್ಬರೇ ಶಿಕ್ಷಕಿ ಇದ್ದುದರಿಂದ ಕರಡುಗಳನ್ನು ಓದಿ ತಿದ್ದಿಕೊಡಲು ಸಮಯವೇ ಸಿಗಲಿಲ್ಲ. ತಿದ್ದಿ ಮತ್ತೆ ಬರೆಯುವ ಅಭ್ಯಾಸವಿಲ್ಲದೆ ಬರವಣಿಗೆಯ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳಂತಹ ಜನಪದ ಪುರಾಣಗಳ ಪ್ರಸ್ತಾಪವೇ ಬರದಿದ್ದುದು ನನಗೆ ಹೆಚ್ಚು ನೋವು ತಂದಿತು, ಏಕೆಂದರೆ ಆ ಮಕ್ಕಳಲ್ಲಿ ಹಲವರು ಅವನ್ನು ಮನೆಯಲ್ಲೇ ಕೇಳಿದವರು. ಶುಲ್ಕ 600 ರೂಪಾಯಿ ನ್ಯಾಯವಾಗಿದೆ. ಮುಂದಿನ ವರ್ಷ ಮಗನನ್ನೂ ಕಳುಹಿಸುತ್ತೇನೆ.